ಇಳಿಯದ ಕೀ

ಕೀಲ್ಪಾಕ್, ಚೆನ್ನೈ
10 ಜೂನ್ 2024

'ಮೋ' ಎಂಬ ಗುರುತಿನ ವಾಚ್ ರಿಪೇರಿಯವರಿಗೆ ನಮಸ್ಕಾರ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಊರು ಸುರಪುರ ಎಂಬುದು ಮಾತ್ರ ಗೊತ್ತು. ಅಷ್ಟನ್ನೇ ಲಕೋಟೆಯ ಮೇಲೆ ಬರೆದು ಅಂಚೆಗೆ ಹಾಕುತ್ತಿದ್ದೇನೆ. ತಲುಪಿದರೆ ಅದು ನಿಮ್ಮ ಊರಿನ ಪೋಸ್ಟ್‌ಮನ್ನರ ಪುಣ್ಯ.

ನಾನು ವಿಶ್ವನಾಥ. ಇನ್ಶೂರೆನ್ಸ್ ಕೆಲಸದಲ್ಲಿದ್ದು ಕಳೆದ ವರ್ಷ ನಿವೃತ್ತನಾದೆ. ನಮ್ಮದು ಮೈಸೂರು ಕಡೆಯ ಮನೆತನ, ಅಜ್ಜನ ಕಾಲಕ್ಕೇ ಮದರಾಸಿಗೆ ಬಂದವರು. ಕೀ ಕೊಟ್ಟು ಓಡಿಸುವ ಹಳೆಯ ಕೈಗಡಿಯಾರಗಳನ್ನು ಕೂಡಿಹಾಕುವುದು ನನ್ನ ಹುಚ್ಚು. ಮೂವತ್ತೊಂದು ಇವೆ, ತಿಂಗಳ ಒಂದೊಂದು ತಾರೀಖಿಗೆ ಒಂದೊಂದು. ದಿನಾ ಬೆಳಗ್ಗೆ ಕಾಫಿ ಆದ ಮೇಲೆ ಬೀರು ತೆರೆದು ಆ ದಿನದ್ದಕ್ಕೆ ಕೀ ಕೊಟ್ಟು ಕಟ್ಟಿಕೊಳ್ಳುತ್ತೇನೆ. "ಹೆಂಡತಿ ಹುಟ್ಟಿದ ದಿನ ಮರೆತರೂ ಹದಿನೇಳನೇ ತಾರೀಖಿನ ವಾಚು ಮರೆಯೋಲ್ಲ" ಎಂದು ನನ್ನ ಹೆಂಡತಿ ಕಲಾವತಿ ಬಂದವರ ಮುಂದೆಲ್ಲ ಹೇಳುತ್ತಾಳೆ.

ಈಗ ಮೂವತ್ತೆರಡನೆಯದು ಬಂದಿದೆ. ಎಚ್‌ಎಂಟಿ, ನೀಲಿ ಮುಖ. ಹೋದ ತಿಂಗಳು ಇಲ್ಲಿನ ಭಾನುವಾರದ ಬೀದಿ ಸಂತೆಯಲ್ಲಿ ಕೊಂಡೆ. ಮುಖಕ್ಕೆ ಮರುಬಣ್ಣ ಬಳಿದಿಲ್ಲ, ಅಂಥದು ಈಗ ಅಪರೂಪ. ಹಿಂದಿನ ಮುಚ್ಚಳದ ಒಳಗೆ ಸೂಜಿಯಿಂದ ಗೀಚಿದ ಅಕ್ಷರಗಳಿವೆ: 'ಮೋ. ಸುರಪುರ. ೨೧೪.' ಕೆಳಗೆ ವರ್ಷಕ್ಕೊಂದರಂತೆ ತಾರೀಖುಗಳು. ರಿಪೇರಿಯವರು ಪ್ರತಿ ಸಲ ಎಣ್ಣೆ ಹಾಕಿದಾಗ ಹೀಗೆ ಗುರುತು ಮಾಡುತ್ತಾರೆಂದು ಬಲ್ಲೆ. ಕೊನೆಯದು ೨-೪-೨೦೨೨.

ಕೇಳಬೇಕಾದದ್ದು ಬೇರೆ. ಇದು ನಿಂತ ವಾಚು. ನಾನು ಒಂದು ಸಲವೂ ಕೀ ಕೊಟ್ಟಿಲ್ಲ. ಆದರೂ ಓಡುತ್ತದೆ. ಬೀರುವಿನ ಬಾಗಿಲು ಎಳೆದಾಗಲೆಲ್ಲ ಹತ್ತು ಹನ್ನೆರಡು ಉಸಿರಿನಷ್ಟು ಹೊತ್ತು ಟಿಕ್ ಟಿಕ್ ಎಂದು ಮತ್ತೆ ಸುಮ್ಮನಾಗುತ್ತದೆ. ಕೈಗೆ ಬಂದ ದಿನ ಒಂಬತ್ತು ಗಂಟೆ ಹನ್ನೆರಡು ನಿಮಿಷ ತೋರಿಸುತ್ತಿತ್ತು. ಈಗ ನಾಲ್ಕಕ್ಕೆ ಬಂದಿದೆ. ಯಾಕೆ ಹೀಗೆ? ಇದು ಯಾರ ವಾಚು?

ಇತಿ,
ವಿಶ್ವನಾಥ

&nbsp;

ಸುರಪುರ
19 ಜೂನ್ 2024

ಸಾಹೇಬರಿಗೆ ಮೋನಪ್ಪನ ಶರಣು.

ನಿಮ್ಮ ಪತ್ರ ತಲುಪಿತು. "ಮೋನಪ್ಪಜ್ಜ, ಮದ್ರಾಸಿಂದ ಯಾರೋ ನಿನ್ನ ಹೆಸರಿನ ತಲಿ ಅಷ್ಟೇ ಬರದು ಕಳಿಸ್ಯಾರ, ಮುಂಡ ನೀ ಹಚ್ಕೋ" ಎಂದು ಪೋಸ್ಟಿನವನು ಅಂಗಡಿಯೊಳಗೆ ಎಸೆದು ಹೋದ. ಫೋನ್ ನಂಬರು ಕೊಡದೆ ಒಳ್ಳೆಯದು ಮಾಡಿದಿರಿ. ನನಗೆ ಕಿವಿ ಕೇಳಿಸುವುದಿಲ್ಲ, ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುತ್ತೇನೆ. ಐವತ್ತು ವರ್ಷ ವಾಚಿಗೆ ಕಿವಿ ಕೊಟ್ಟು ಕೊಟ್ಟು ಕಿವಿ ಖರ್ಚಾಗಿವೆ ಎಂದು ಮನೆಯಾಕೆ ಅನ್ನುತ್ತಾಳೆ. ಈಗ ವಾಚು ಓಡುತ್ತದೋ ಇಲ್ಲವೋ ಎಂದು ಹಲ್ಲಿಗೆ ಹಿಡಿದು ನೋಡುತ್ತೇನೆ.

ನಿಂತ ವಾಚು ಓಡಲು ದೆವ್ವ ಬೇಕಿಲ್ಲ ಸಾಹೇಬರೇ. ಒಳಗೆ ಕೀ ಉಳಿದಿದೆ, ನಡುವೆ ಏನೋ ಸಿಕ್ಕಿಕೊಂಡಿದೆ. ಅಲುಗಿಸಿದರೆ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಕೊನೆಯ ಕೀ ಯಾರು ಕೊಟ್ಟದ್ದು ಎಂಬುದನ್ನು ಮಾತ್ರ ನಾನು ಇಲ್ಲಿಂದ ಹೇಳಲಾರೆ.

ಇನ್ನು ೨೧೪. ಇದಕ್ಕೆ ನಾನು ಪುಸ್ತಕ ತೆಗೆಯಬೇಕಾಗಲಿಲ್ಲ. ಅದು ನಮ್ಮ ಸೋಮಲಿಂಗಪ್ಪನ ವಾಚು. ಮದುವೆಯಲ್ಲಿ ಮಾವ ಕಟ್ಟಿದ್ದು. ಗಿಂಡಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಂಡು ಇಪ್ಪತ್ತು ವರ್ಷ ನಿಮ್ಮ ಊರಲ್ಲೇ ಒಂಟಿಯಾಗಿ ಇದ್ದ. ಪ್ರತಿ ಯುಗಾದಿಗೆ ಬರುತ್ತಿದ್ದ. ಬಸ್ಸಿಳಿದವನು ಮನೆಗೆ ಹೋಗುವ ಮೊದಲು ನನ್ನ ಮೇಜಿನ ಮೇಲೆ ವಾಚು ಇಟ್ಟು, "ಮೋನಣ್ಣ, ನನಗ ಆಮ್ಯಾಲ ಚಾ ಕೊಡು, ಮೊದಲ ಇದಕ್ಕ ಎಣ್ಣಿ ಕೊಡು" ಅನ್ನುತ್ತಿದ್ದ.

2022ರ ನವೆಂಬರ್ ಹದಿಮೂರು, ಭಾನುವಾರ. ಅವನ ಹೆಂಡತಿ ಜಗದೇವಿ ಫೋನಿನಲ್ಲಿ ಜಗಳ ತೆಗೆದಳು. "ಹಬ್ಬಕ್ಕ ಬರೋ ನೆಂಟ ಆಗೀದಿ ನೀನು. ಬರೋದಿದ್ರ ಪೂರಾ ಬಾ. ಇಲ್ಲಂದ್ರ ಹೋಗು, ಅಲ್ಲೇ ಇದ್ದುಬಿಡು." ಅದೇ ಕೊನೆಯ ಮಾತು. ಅವನು ಸಿಟ್ಟಾಗಿದ್ದಾನೆಂದುಕೊಂಡು ಆಕೆ, ಅವನೇ ಫೋನ್ ಮಾಡಲಿ ಎಂದು ಹದಿನೈದು ದಿನ ಹಟ ಹಿಡಿದಳು. ಆಮೇಲೆ ಹಚ್ಚಿದರೆ ಫೋನು ಬಂದ್. ಮಗ ಶಿವಕಿರಣ್ ಚೆನ್ನೈಗೆ ಹೋದ. ಕಾರ್ಖಾನೆ ದೀಪಾವಳಿಗೇ ಬಾಗಿಲು ಹಾಕಿತ್ತು, ಕೋಣೆಗೆ ಬೀಗ. ಪೊಲೀಸರಿಗೆ ಬರೆದುಕೊಟ್ಟು ಬಂದ. ಅಷ್ಟೇ.

ಜಗದೇವಿ ಅಂದಿನಿಂದ ಯಾರಿಗೂ 'ಹೋಗು' ಅನ್ನುವುದಿಲ್ಲ. ಬಾಗಿಲಿಗೆ ಬಂದ ನಾಯಿಗೂ ಅನ್ನುವುದಿಲ್ಲ. ತನ್ನ ಮಾತಿಗೇ ಗಂಡ ಹೋದ ಎಂದು ಆಕೆಯ ಎದೆಯಲ್ಲಿ ಕೂತಿದೆ.

ಅದಕ್ಕೆ ಕೈ ಮುಗಿದು ಕೇಳುತ್ತೇನೆ. ಆ ವಾಚು ಮಾರಿದವನು ಹೇಗಿದ್ದ? ನಮ್ಮವನು ಹೇಗಿದ್ದಾನೆಂದು ನಾನು ಮೊದಲು ಹೇಳುವುದಿಲ್ಲ. ಹೇಳಿದರೆ ನಿಮ್ಮ ನೆನಪು ಅದರ ಹಿಂದೆ ನಡೆದುಬಿಡುತ್ತದೆ.

ನಿಮ್ಮ,
ಮೋನಪ್ಪ

&nbsp;

ಕೀಲ್ಪಾಕ್
30 ಜುಲೈ 2024

ಮೋನಪ್ಪನವರಿಗೆ ನಮಸ್ಕಾರ.

ತಡವಾಯಿತು, ಕ್ಷಮಿಸಿ. ಮೈ ಸರಿ ಇರಲಿಲ್ಲ. ನಿಮ್ಮ ಪತ್ರ ನಾಲ್ಕಾರು ಸಲ ಓದಿದೆ.

ಮಾರಿದವನ ಬಗ್ಗೆ ಹೆಚ್ಚು ಹೇಳಲಾರೆ. ಸಂತೆಯಲ್ಲಿ ನೂರು ಜನ ಚಾಪೆ ಹಾಸಿಕೊಂಡು ಕೂತಿರುತ್ತಾರೆ. ನೆನಪಿರುವಷ್ಟು ಬರೆಯುತ್ತೇನೆ. ವಯಸ್ಸು ಐವತ್ತೈದರ ಆಸುಪಾಸು. ತೆಳ್ಳಗೆ, ಎತ್ತರ. ಮೀಸೆ ನರೆತಿತ್ತು, ತಲೆಗೂದಲು ಅಷ್ಟಾಗಿ ನರೆತಿರಲಿಲ್ಲ. ತೋಳು ಮಡಿಚಿದ ಖಾಕಿ ಬಣ್ಣದ ಅಂಗಿ. ಎದ್ದು ಹೋಗುವಾಗ ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದ. ಆಮೇಲೆ ಅವನು ಅಲ್ಲಿ ಕಾಣಲಿಲ್ಲ.

ಇದರಿಂದ ನಿಮಗೆ ಏನೂ ಉಪಯೋಗವಾಗಲಾರದು ಎಂದುಕೊಂಡಿದ್ದೇನೆ. ಆ ತಾಯಿಗೆ ಇಲ್ಲದ ಆಸೆ ಹುಟ್ಟಿಸಬೇಡಿ.

ವಿಶ್ವನಾಥ

&nbsp;

ಸುರಪುರ
9 ಆಗಸ್ಟ್ 2024

ವಿಶ್ವನಾಥಪ್ಪನವರೇ, ನಿಮ್ಮ ಕೈಗೆ ಬಂಗಾರದ ಕಡಗ ತೊಡಿಸಬೇಕು.

ಅವನೇ. ಎತ್ತರ, ಮೀಸೆ, ಖಾಕಿ ಅಂಗಿ, ಎಲ್ಲಕ್ಕಿಂತ ಆ ಎಡಗಾಲು. ಹನ್ನೆರಡನೇ ವಯಸ್ಸಿಗೆ ಬಾವಿಕಟ್ಟೆಯಿಂದ ನನ್ನ ಕಣ್ಣೆದುರೇ ಬಿದ್ದು ಮುರಿದುಕೊಂಡ ಕಾಲು ಅದು. ನಿಮ್ಮ ಪತ್ರವನ್ನು ನಾನು ಜಗದೇವಿಯ ಮನೆಗೆ ಓಡುತ್ತಾ ಒಯ್ದೆ. ಈ ವಯಸ್ಸಿನಲ್ಲಿ ಓಡಿದ್ದಕ್ಕೆ ಓಣಿಯ ಜನ ಯಾರು ಸತ್ತರೋ ಎಂದು ಎದ್ದು ಬಂದರು.

ಆಕೆ ಪತ್ರ ಓದಿಸಿಕೊಂಡು ಮೊದಲು ಬೈದಳು. "ನಮ್ಮಪ್ಪ ಕಟ್ಟಿದ ವಾಚು ಬೀದ್ಯಾಗ ಮಾರ್ಯಾನ. ಅಷ್ಟು ಸಿಟ್ಟೇನು ಅವಗ? ಬರ್ಲಿ, ಮಾಡ್ತೀನಿ." ಬೈಯುತ್ತ ಬೈಯುತ್ತ ಒಲೆ ಹೊತ್ತಿಸಿ ಶೇಂಗಾ ಹುರಿಯಲು ಕೂತಳು. ಶೇಂಗಾ ಹೋಳಿಗೆ ಅವನಿಗೆ ಪ್ರಾಣ. ಎರಡು ವರ್ಷದಿಂದ ಆ ಮನೆಯಲ್ಲಿ ಸಿಹಿ ಮಾಡಿರಲಿಲ್ಲ.

ಆಸೆ ಹುಟ್ಟಿಸಬೇಡಿ ಎಂದು ಬರೆದಿದ್ದೀರಿ. ಹುಟ್ಟಿಬಿಟ್ಟಿದೆ. ಜಗದೇವಿ ಮತ್ತು ಶಿವಕಿರಣ್ ಚೆನ್ನೈಗೆ ಬರುತ್ತಿದ್ದಾರೆ. ಪೋರೂರಿನಲ್ಲಿ ಹುಡುಗನ ಗೆಳೆಯನೊಬ್ಬನ ಮನೆಯಿದೆ. 24ರ ಶನಿವಾರ ನಿಮ್ಮ ಮನೆಗೆ ಬಂದು ವಾಚು ನೋಡಿ, ಭಾನುವಾರ ಆ ಸಂತೆಯಲ್ಲಿ ಅವನ ಫೋಟೋ ಹಿಡಿದು ಕೂಡುತ್ತಾರೆ. ಮಾರಿದವನು ಮತ್ತೆ ಬಂದೇ ಬರುತ್ತಾನೆ ಎನ್ನುತ್ತಾಳೆ. ದಯವಿಟ್ಟು ನೀವೂ ಜೊತೆಗಿರಿ. ಆಕೆಗೆ ತಮಿಳು ಒಂದಕ್ಷರ ಬಾರದು.

ಮೋನಪ್ಪ

&nbsp;

ಕೀಲ್ಪಾಕ್
20 ಆಗಸ್ಟ್ 2024

ಮೋನಪ್ಪನವರೇ,

ಅವರು ಬರುವುದು ಬೇಡ. ನಾವು ಕೊಯಮತ್ತೂರಿಗೆ ಮಗಳು ನೇಹಾಳ ಮನೆಗೆ ಹೊರಟಿದ್ದೇವೆ, ಒಂದು ತಿಂಗಳು ವಾಪಸು ಬರುವುದಿಲ್ಲ. ಸಂತೆಯೂ ಈಗ ಮೊದಲಿನಂತೆ ಇಲ್ಲ. ಅಲ್ಲಿ ಹುಡುಕುವುದರಲ್ಲಿ ಅರ್ಥವಿಲ್ಲ. ತಿಳಿಸಿಬಿಡಿ.

ವಿಶ್ವನಾಥ

&nbsp;

ಸುರಪುರ
6 ಸೆಪ್ಟೆಂಬರ್ 2024

ವಿಶ್ವನಾಥಪ್ಪನವರಿಗೆ,

ನಿಮ್ಮ ಪತ್ರ ಬರುವಷ್ಟರಲ್ಲಿ ಅವರು ರೈಲು ಹತ್ತಿದ್ದರು. ನಿಮ್ಮ ಮನೆಗೆ ಬೀಗವಿತ್ತಂತೆ. ಜಗದೇವಿ ಹೋಳಿಗೆಯ ಡಬ್ಬಿಯನ್ನು ಹೊಸ್ತಿಲ ಮೇಲೆ ಇಡಲು ಹೋಗಿ, ಇರುವೆ ಮುತ್ತುತ್ತವೆ ಎಂದು ವಾಪಸು ತಂದಳು.

ಸಂತೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಫೋಟೋ ಹಿಡಿದು ಕೂತಳು. ಯಾರೂ ಗುರುತು ಹಿಡಿಯಲಿಲ್ಲ. ಆದರೆ ಬಂದ ಮೇಲೆ ಒಂದು ಸಂಗತಿ ಹೇಳಿದಳು. ಅದನ್ನು ಆಕೆ ಹೇಳಿದಂತೆಯೇ ಬರೆಯುತ್ತೇನೆ.

"ಮೋನಣ್ಣ, ಒಬ್ಬ ಹಿರಿಯಾರು ದೂರ ನಿಂತು ಒಂದು ತಾಸಿನಿಂದ ನನ್ನ ಕಡೀಗೇ ನೋಡಾಕತ್ತಿದ್ರು. ನಾನಽ ಎದ್ದು ಹೋಗಿ ಫೋಟೋ ತೋರಿಸಿ 'ಇವರನ್ನ ಎಲ್ಲಿಯಾದ್ರೂ ನೋಡೀರೇನ್ರಿ ಯಪ್ಪಾ?' ಅಂದೆ. 'ತೆರಿಯಾದು' ಅಂದ್ರು. ಗೊತ್ತಿಲ್ಲ ಅಂತ ಅರ್ಥ ಅಂತ ಹುಡುಗ ಹೇಳಿದ. ಅಲ್ಲ ಮೋನಣ್ಣ, ಅವರು ತಮಿಳರಾಗಿದ್ರ, ನಾನು ಕನ್ನಡದಾಗ ಕೇಳಿದ್ದು ತಿಳೀತು ಹ್ಯಾಂಗ? ತಿಳೀದಿದ್ರ ಕಣ್ಣಾಗ ನೀರು ಯಾಕ ಬಂತು?"

ಇನ್ನೊಂದು ಹೇಳಿದಳು. ಫೋಟೋ ನೋಡುವಾಗ ಆ ಹಿರಿಯರು ತಮ್ಮ ಕೈಯ ವಾಚಿಗೆ ಕೀ ತಿರುಗಿಸುತ್ತಲೇ ಇದ್ದರಂತೆ. ಸೆಲ್ಲಿನ ವಾಚಿಗೆ ಯಾರೂ ಕೀ ತಿರುಗಿಸುವುದಿಲ್ಲ.

ನಾನು ಲೆಕ್ಕದ ಮನುಷ್ಯನಲ್ಲ, ಆದರೆ ವಾಚಿನವನು. ನಿಮ್ಮ ಮೊದಲ ಪತ್ರ ಮತ್ತೆ ತೆಗೆದು ನೋಡಿದೆ. ಬೀರು ತೆರೆದಾಗ ಹತ್ತು ಹನ್ನೆರಡು ಉಸಿರು ಓಡುತ್ತದೆ ಎಂದಿರಿ. ಒಂಬತ್ತು ಹನ್ನೆರಡರಿಂದ ನಾಲ್ಕಕ್ಕೆ ಬಂದಿದೆ ಎಂದಿರಿ. ದಿನಕ್ಕೆ ಹತ್ತು ಉಸಿರಿನಂತೆ ಮುಳ್ಳು ಅಷ್ಟು ದೂರ ನಡೆಯಲು ಒಂದು ತಿಂಗಳು ಸಾಲದು ವಿಶ್ವನಾಥಪ್ಪನವರೇ. ಒಂದೂವರೆ ವರ್ಷ ಬೇಕು, ಮೇಲೆ ಇನ್ನಷ್ಟು ಬೇಕು.

ನಮ್ಮ ಅವ್ವ ಒಂದು ಕಥೆ ಹೇಳುತ್ತಿದ್ದಳು. ಒಂದು ಊರಲ್ಲಿ ಒಬ್ಬ ಗುಡಿಯ ಗಂಟೆಯ ನಾಲಿಗೆ ಕದ್ದನಂತೆ. ಗಂಟೆಯನ್ನಲ್ಲ, ಬರೀ ನಾಲಿಗೆ. ತಂದು ಜೋಳದ ಗಡಿಗೆಯಲ್ಲಿ ಹುಗಿದಿಟ್ಟ. ಅಂದಿನಿಂದ ಗುಡಿಯಲ್ಲಿ ಗಂಟೆ ಮೂಕ. ಆದರೆ ಇವನು ಉಣ್ಣಲು ಬಾಯಿ ತೆರೆದರೆ ಢಣ್ ಎನ್ನುತ್ತಿತ್ತು, ಆಕಳಿಸಿದರೆ ಢಣ್ ಎನ್ನುತ್ತಿತ್ತು. ಅವನು ಬಾಯಿ ಮುಚ್ಚಿಕೊಂಡೇ ಒಣಗಿದ. ಊರ ಹಿರಿಯನೊಬ್ಬ ಬಂದು ಅಂದನಂತೆ: "ತಮ್ಮಾ, ಬಾಯಿ ಮುಚ್ಚಿ ಫಲ ಇಲ್ಲ. ಒಮ್ಮೆ ಪೂರಾ ತೆರಿ. ಊರಿಗೆ ಕೇಳಿಸಿಬಿಡಲಿ."

ಕಥೆ ಇಷ್ಟೇ. ನಿಮ್ಮ ಪತ್ರದ ದಾರಿ ನೋಡುತ್ತೇನೆ.

ಮೋನಪ್ಪ

&nbsp;

ಕೀಲ್ಪಾಕ್
2 ಅಕ್ಟೋಬರ್ 2024

ಮೋನಪ್ಪನವರಿಗೆ,

ಇದರ ಜೊತೆ ಒಂದು ಪೊಟ್ಟಣವಿದೆ. ೨೧೪ ಅದರಲ್ಲಿದೆ. ಪತ್ರ ಓದಿದ ಮೇಲೆ ಬಿಚ್ಚಿ.

ಸಂತೆಯಲ್ಲಿ ತಮಿಳಿನಲ್ಲಿ ಉತ್ತರಿಸಿದವನು ನಾನೇ. ವಾಚು ಮಾರಿದವನು ಯಾರೂ ಇಲ್ಲ. ಇಲ್ಲದ ಮನುಷ್ಯನೊಬ್ಬನನ್ನು ಕಟ್ಟಿ ಬರೆಯಲು ಕೂತಾಗ ನನ್ನ ಕಣ್ಣ ಮುಂದೆ ಬಂದದ್ದು ಒಬ್ಬರೇ. ಅವರನ್ನೇ ಬರೆದೆ. ಬರೆಯುತ್ತಿರುವುದು ನನಗೇ ಗೊತ್ತಾಗಲಿಲ್ಲ. ನಿಮ್ಮ ಉತ್ತರ ಓದಿದಾಗ ಗೊತ್ತಾಯಿತು.

ಸೋಮಲಿಂಗಪ್ಪನವರು ಇಲ್ಲ. 2022ರ ನವೆಂಬರ್ 14, ಸೋಮವಾರ ಬೆಳಗ್ಗೆ ಗಿಂಡಿ ನಿಲ್ದಾಣದಲ್ಲಿ ತೀರಿಕೊಂಡರು.

ಆಗ ನನ್ನ ಆಫೀಸು ಗಿಂಡಿಯಲ್ಲಿತ್ತು. ಚೆಟ್‌ಪೆಟ್‌ನಲ್ಲಿ ಲೋಕಲ್ ಹತ್ತಿದರೆ ಅವರು ಅದೇ ಬೋಗಿಯಲ್ಲಿ ಇರುತ್ತಿದ್ದರು. ಮೇಲಿನ ಸರಳು ಹಿಡಿದ ಕೈಯಲ್ಲಿ ಆ ನೀಲಿ ಮುಖದ ವಾಚು. ಎಂಟು ತಿಂಗಳು ಆ ಕೈಯನ್ನು ನೋಡಿದೆ. ಮುಖ ನೋಡಿದ್ದು ಕಡಿಮೆ. ಒಂದು ಸಲವೂ ಮಾತಾಡಲಿಲ್ಲ. ಅವರು ಬೇರೆಯವರ ಜೊತೆ ತಮಿಳಿನಲ್ಲಿ ಮಾತಾಡುತ್ತಿದ್ದರು, ನಾನೂ ಹಾಗೇ. ಇಬ್ಬರು ಕನ್ನಡದವರು ಒಂದೇ ಸರಳು ಹಿಡಿದು ನಿಂತಿದ್ದೆವೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಅಂದೇ ಬೆಳಗ್ಗೆ. ಮುಚ್ಚಿದ ಕಾರ್ಖಾನೆಯ ಬಾಕಿ ಸಂಬಳಕ್ಕೆ ಹೊರಟಿದ್ದೇನೆ ಎಂದು ಹೇಳಿ, ಪಕ್ಕದವರನ್ನು ಅವರು ತಮಿಳಿನಲ್ಲಿ ಕೇಳುತ್ತಿದ್ದರು: ಯಾದಗಿರಿಗೆ ಟಿಕೆಟ್ ಗಿಂಡಿಯಲ್ಲೇ ಸಿಗುತ್ತದೆಯೇ, ಸೆಂಟ್ರಲ್‌ಗೆ ಹೋಗಬೇಕೇ? ಆ ಮನುಷ್ಯ "ಊರುಕ್ಕಾ? ಎಪ್ಪೋ ತಿರುಂಬುವೀಂಗ?" ಅಂದ, ವಾಪಸು ಯಾವಾಗ ಎಂದು. ಇವರು ನಕ್ಕು, ವಾಪಸಿಲ್ಲ, ಹೆಂಡತಿ ಪೂರಾ ಬಾ ಅಂದಿದ್ದಾಳೆ ಅಂದರು. ಈ ಮಾತನ್ನು ಜಗದೇವಿಯವರಿಗೆ ಹೇಳಿ. ಮೊದಲು ಇದನ್ನೇ ಹೇಳಿ. ಎರಡು ವರ್ಷ ನನ್ನ ಹತ್ತಿರ ಇದ್ದದ್ದು ವಾಚಷ್ಟೇ ಅಲ್ಲ, ಇದೂ ಇತ್ತು.

ಇಳಿದ ಮೇಲೆ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತರು, ಪಕ್ಕಕ್ಕೆ ವಾಲಿದರು. ನಾನು ಹತ್ತಿರವಿದ್ದೆ. ನಾಡಿ ನೋಡಲು ಎಡಗೈ ಹಿಡಿದೆ. ಬೆರಳ ಕೆಳಗೆ ಬಡಿತವಿತ್ತು. ಅದು ನಾಡಿಯೋ ವಾಚೋ ತಿಳಿಯಲಿಲ್ಲ. ತಿಳಿಯಲೆಂದೇ ಪಟ್ಟಿ ಬಿಚ್ಚಿದೆ. ಇದನ್ನು ನಂಬಿ. ಆದರೆ ವಾಚು ಅಂಗೈಗೆ ಬಂದ ಮೇಲೆ ನಾಡಿ ನೋಡುವುದನ್ನು ಮರೆತೆ.

ಜನ ಸೇರಿದರು. ಯಾರದೋ ಮೊಣಕೈ ತಗುಲಿ ವಾಚು ಕಲ್ಲಿನ ಮೇಲೆ ಬಿತ್ತು, ನಿಂತಿತು. ಎತ್ತಿ ಜೇಬಿಗೆ ಹಾಕಿಕೊಂಡೆ. ಅವರ ಚೀಲ, ಫೋನು ಆ ಗದ್ದಲದಲ್ಲಿ ಕಾಣೆಯಾಗಿದ್ದವು. ಅಂದು ಅಲ್ಲಿ ಇಬ್ಬರು ಕಳ್ಳರಿದ್ದರು. ಒಬ್ಬನ ಮುಖ ನನಗೆ ಗೊತ್ತಿಲ್ಲ.

ವಾರದ ಮೇಲೆ ನಿಲ್ದಾಣದ ಗೋಡೆಗೆ ಕಾಗದ ಅಂಟಿಸಿದರು. ಅಪರಿಚಿತ ಗಂಡಸು, ಗುರುತಿಗೆ ಯಾವ ವಸ್ತುವೂ ಇಲ್ಲ. ಅಂದು ಸಂಜೆ ಮುಚ್ಚಳ ತೆರೆದೆ. ಊರಿನ ಹೆಸರು, ಅಂಕಿ, ಎಲ್ಲ ಇತ್ತು. ಆ ಇಡೀ ನಿಲ್ದಾಣದಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ ಇದ್ದೆ. ಓದಿ ಮುಚ್ಚಿದೆ. ಒಂದು ತಿಂಗಳು ಆ ಕಾಗದದ ಮುಂದೆ ದಿನಾ ನಡೆದುಹೋದೆ. ಮಳೆಗೆ ನೆನೆದು ಅದೇ ಉದುರಿಹೋಯಿತು.

ಯಾರೂ ಕೇಳಿಕೊಂಡು ಬರಲಿಲ್ಲವೆಂದು ಅವರನ್ನು ಮಣ್ಣು ಮಾಡಿದ್ದಾರೆ. ಹೋದ ವಾರ ಹೋಗಿ ಪೊಲೀಸರ ಮುಂದೆ ಎಲ್ಲ ಹೇಳಿದೆ, ಜಾಗದ ನಂಬರು ಪಡೆದು ಬಂದೆ. ಆ ಚೀಟಿಯೂ ಪೊಟ್ಟಣದಲ್ಲಿದೆ. ಕಲಾವತಿಗೂ ಹೇಳಿದೆ. ಆಕೆ ನನ್ನ ಬೀರುವಿಗೆ ಬೀಗ ಹಾಕಿ, ಬೀಗದ ಕೈಯನ್ನು ನನ್ನ ಕೈಗೇ ಕೊಟ್ಟಳು. ನಾನು ಈಗ ಯಾವ ವಾಚನ್ನೂ ಕಟ್ಟುತ್ತಿಲ್ಲ. ಆದರೂ ಟಿಕ್ ಟಿಕ್ ನಿಂತಿಲ್ಲ.

ವಿಶ್ವನಾಥ

&nbsp;

ಸುರಪುರ
4 ನವೆಂಬರ್ 2024

ವಿಶ್ವನಾಥರಿಗೆ,

ಪತ್ರ ನಾನು ಓದಿದೆ. ಜಗದೇವಿಗೆ ಓದಿ ಹೇಳಿದೆ. ನೀವು ಹೇಳಿದಂತೆ ಟಿಕೆಟಿನ ಮಾತು ಮೊದಲು ಹೇಳಿದೆ. ಆಕೆ ಅತ್ತದ್ದನ್ನು ಬರೆಯುವುದಿಲ್ಲ. ಅದು ನಿಮ್ಮದಲ್ಲ.

ಹುಡುಗ ಚೆನ್ನೈಗೆ ಬಂದು, ಆ ಜಾಗದ ಒಂದು ಹಿಡಿ ಮಣ್ಣು ತಂದ. ಮೂರನೇ ದಿನ ಜಗದೇವಿ ವಾಚು ಹಿಡಿದು ಅಂಗಡಿಗೆ ಬಂದಳು. "ಇದರಾಗ ಇರೋ ಕೀ ಯಾರದು ಮೋನಣ್ಣ?" ಅಂದಳು. ನೀವು ಒಮ್ಮೆಯೂ ಕೀ ಕೊಟ್ಟಿಲ್ಲ ಎಂದು ಬರೆದಿದ್ದಿರಲ್ಲ. ಹಾಗಾದರೆ ಅದು ಅವನದೇ. ಆ ಸೋಮವಾರ ಮುಂಜಾನೆ ಅವನ ಬೆರಳು ತಿರುಗಿಸಿದ್ದು.

ನಮ್ಮ ಕೆಲಸದ ಮೊದಲ ಪಾಠ, ವಾಚು ಬಿಚ್ಚುವ ಮುಂಚೆ ಕೀ ಇಳಿಸಬೇಕು. ಇಳಿಸದೆ ಬಿಚ್ಚಿದರೆ ಒಳಗಿನ ಚಕ್ರಗಳು ಹಲ್ಲು ಉದುರಿಸಿಕೊಳ್ಳುತ್ತವೆ. ಐವತ್ತು ವರ್ಷದಲ್ಲಿ ಮೊದಲ ಸಲ ನಾನು ಆ ಪಾಠ ಮೀರಿದೆ. ಮುಚ್ಚಳ ಮಾತ್ರ ತೆಗೆದೆ. ಬಿದ್ದ ಪೆಟ್ಟಿಗೆ ಕೂದಲಿನಂಥ ಸಣ್ಣ ಸ್ಪ್ರಿಂಗಿನ ಒಂದು ಸುತ್ತು ಇನ್ನೊಂದಕ್ಕೆ ಸಿಕ್ಕಿಕೊಂಡಿತ್ತು. ಸೂಜಿಯ ಮೊನೆಯಿಂದ ಬಿಡಿಸಿದೆ. ಓಡಿತು.

ಬೆಳಗ್ಗೆ ಎಂಟಕ್ಕೆ. ಜಗದೇವಿ ಅದನ್ನು ಕೈಗೆ ಕಟ್ಟಿಕೊಂಡು ಅಂಗಡಿಯ ಬೆಂಚಿನ ಮೇಲೆ ಕೂತಳು. ಉಣ್ಣಲು ಕರೆದರೂ ಏಳಲಿಲ್ಲ. ಗಿರಾಕಿಗಳು ಬಂದರು, ಹೋದರು. ನಡುನಡುವೆ ಅದಕ್ಕೆ ಏನೇನೋ ಹೇಳುತ್ತಿದ್ದಳು. ಮಗನ ನೌಕರಿ, ಎಮ್ಮೆ ಕರು ಹಾಕಿದ್ದು, ಹಿತ್ತಲ ಗೋಡೆ ಬಿದ್ದದ್ದು. ನನಗೆ ಕಿವಿ ಕೇಳದು, ತುಟಿ ನೋಡಿ ತಿಳಿದೆ. ಹಳೆಯ ಸ್ಪ್ರಿಂಗು, ಬಹಳ ಹೊತ್ತು ಹಿಡಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಕೆಗೂ ಗೊತ್ತಿತ್ತು.

ಸಂಜೆ ಆರು ದಾಟಿದ ಮೇಲೆ ಸೋತಿತು. ಆಕೆ ನನ್ನ ಕಡೆ ಕೈ ಚಾಚಿದಳು. ಹಲ್ಲಿಗೆ ಹಿಡಿದು ನೋಡಿದೆ. ಒಂದು, ಎರಡು, ಆಮೇಲೆ ಇಲ್ಲ. ತಲೆ ಅಲ್ಲಾಡಿಸಿದೆ.

"ಇನ್ನ ಹೋಗು" ಅಂದಳು. ಎರಡು ವರ್ಷದ ಮೇಲೆ ಆ ಮಾತು ಆಕೆಯ ಬಾಯಿಂದ ಬಂತು. ಬಳೆಗಳನ್ನು ಒಡೆಯಲಿಲ್ಲ. ಒಂದೊಂದಾಗಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟಳು, ಗಿರಾಕಿ ರಿಪೇರಿಗೆ ವಾಚು ಇಡುವ ಹಾಗೆ.

ನಿಮ್ಮನ್ನು ಆಕೆ ಬೈಯಲಿಲ್ಲ. ಕ್ಷಮಿಸಿದ್ದೇನೆ ಎಂದೂ ಅನ್ನಲಿಲ್ಲ. ಒಂದು ಮಾತು ಕೇಳಿ ಬರೆ ಎಂದಿದ್ದಾಳೆ, ಅದಕ್ಕೇ ಈ ಪತ್ರ. ನೀವು ಅವನ ಕೈ ಹಿಡಿದಾಗ, ಅವನು ನಿಮ್ಮ ಕೈ ಹಿಡಿದನೇ?

ನಿಜ ಬರೆಯಿರಿ. ಆಕೆಗೆ ತಿಳಿಯುತ್ತದೆ.

ಮೋನಪ್ಪ

&nbsp;

ಕೀಲ್ಪಾಕ್
14 ನವೆಂಬರ್ 2024

ಜಗದೇವಿಯವರಿಗೆ,

ಹೋದ ಪತ್ರದಲ್ಲಿ ಎಲ್ಲ ಬರೆದೆ ಎಂದುಕೊಂಡಿದ್ದೆ. ಇದೊಂದು ಬರೆದಿರಲಿಲ್ಲ.

ಹಿಡಿದಿದ್ದರು. ಗಟ್ಟಿಯಾಗಿಯೇ ಹಿಡಿದಿದ್ದರು. ಬಿಡಿಸಿಕೊಂಡವನು ನಾನು.

ವಿಶ್ವನಾಥ